ಬೂ ಫ್ರೀದಾ: ಆಡುಗಾಹಿಗಳು ಕೊಟ್ಟ ಹೆಸರು, ಪ್ರಯೋಗಾಲಯ ಕೊಟ್ಟ ಹೆಸರು

ಅಲ್ಜೀರಿಯದ ಆಡುಗಾಹಿಗಳು ತಮ್ಮ ಆಡುಗಳನ್ನು ಕೊಲ್ಲುತ್ತಿದ್ದ ಒಂದು ರೋಗಕ್ಕೆ 'ಬೂ ಫ್ರೀದಾ' ಎಂದು ಹೆಸರಿಟ್ಟಿದ್ದರು. 'ಬೂ' ಎಂದರೆ ಆ ಕಡೆಯ ಆಡುಮಾತಿನಲ್ಲಿ 'ಅಬೂ'. ಅದರ ನೇರ ಅರ್ಥ ತಂದೆ. ಆದರೆ ಅರಬಿಯ ರೂಢಿಯಲ್ಲಿ 'ಇಂಥದ್ದನ್ನು ಉಳ್ಳವನು' ಎಂದೂ ಆಗುತ್ತದೆ. 'ಫರೀದ್' ಎಂದರೆ ಒಂಟಿಯಾದದ್ದು, ಜೊತೆ ಇಲ್ಲದ್ದು. ನಮ್ಮ ಕೇರಿಗಳಲ್ಲಿ ಮಕ್ಕಳಿಗೆ ಫರೀದ್, ಫರೀದಾ ಎಂದು ಹೆಸರಿಡುವಾಗ ಸಾಟಿಯಿಲ್ಲದವರು ಎಂಬ ಅರ್ಥ ಮನಸ್ಸಿನಲ್ಲಿರುತ್ತದೆ. ಆಡಿನ ರೋಗಕ್ಕೆ ಆ ಪದ ಬಂದ ಕಾರಣ ಬೇರೆ. ಸತ್ತ ಆಡಿನ ಎದೆಯನ್ನು ಸೀಳಿ ನೋಡಿದರೆ ಎರಡು ಶ್ವಾಸಕೋಶಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಕೆಟ್ಟಿರುತ್ತಿತ್ತು. ಯಕೃತ್ತಿನಂತೆ ಗಟ್ಟಿಯಾಗಿ, ಎದೆಗೂಡಿಗೆ ಅಂಟಿಕೊಂಡು, ಸುತ್ತಲೂ ಹುಲ್ಲಿನ ಬಣ್ಣದ ನೀರು ತುಂಬಿಕೊಂಡು ಅದು ಬಿದ್ದಿರುತ್ತಿತ್ತು. ಪಕ್ಕದ ಇನ್ನೊಂದು ಮಾತ್ರ ತಿಳಿಗುಲಾಬಿ ಬಣ್ಣದಲ್ಲಿ, ಏನೂ ಆಗದಂತೆ ಹಗುರವಾಗಿ ಇರುತ್ತಿತ್ತು.

1873ರಲ್ಲಿ ಥಾಮಸ್ ಎಂಬ ಫ್ರೆಂಚ್ ಪಶುವೈದ್ಯ ಈ ರೋಗದ ಬಗ್ಗೆ ಬರೆದಾಗ ಆಡುಗಾಹಿಗಳ ಹೆಸರನ್ನೂ ಅದರೊಂದಿಗೆ ದಾಖಲಿಸಿದ. ಪಶುವೈದ್ಯಕೀಯದ ಪುಸ್ತಕಗಳಲ್ಲಿ ಇಂದು ಇದಕ್ಕಿರುವ ಹೆಸರು 'ಆಡುಗಳ ಸಾಂಕ್ರಾಮಿಕ ಪ್ಲೂರೋನ್ಯುಮೋನಿಯಾ'. ಚುಟುಕಾಗಿ ಸಿಸಿಪಿಪಿ. ಹೊಸದಾಗಿ ರೋಗ ನುಗ್ಗಿದ ಮಂದೆಯಲ್ಲಿ ಹೆಚ್ಚುಕಡಿಮೆ ಎಲ್ಲ ಆಡುಗಳೂ ಮಲಗುತ್ತವೆ. ಹತ್ತರಲ್ಲಿ ಆರರಿಂದ ಎಂಟು ಸಾಯುವುದೂ ಉಂಟು. ಜೋರು ಜ್ವರ, ಕೆಮ್ಮು, ಮುಂಗಾಲುಗಳನ್ನು ಅಗಲಿಸಿ ಕತ್ತು ಚಾಚಿ ನಿಂತು ಉಸಿರಿಗಾಗಿ ಒದ್ದಾಡುವುದು, ಕೊನೆಗೆ ನೆಲಕ್ಕೆ ಬೀಳುವುದು. ಆಡು ಬಡವರ ಹಸು ಎಂಬ ಮಾತು ನಮ್ಮಲ್ಲೂ ಇದೆ. ಇಪ್ಪತ್ತು ಆಡುಗಳ ಮೇಲೆ ನಿಂತ ಸಂಸಾರಕ್ಕೆ ಅದರಲ್ಲಿ ಹದಿನೈದು ಹೋದರೆ ಏನಾಗುತ್ತದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಇದು ಒಂದು ಆಡಿನಿಂದ ಮತ್ತೊಂದಕ್ಕೆ ಹರಡುವ ರೋಗ ಎಂಬುದು ಸ್ಪಷ್ಟವಾದದ್ದು ಆಫ್ರಿಕಾದ ಇನ್ನೊಂದು ತುದಿಯಲ್ಲಿ. 1880ರ ಸುಮಾರಿಗೆ ಟರ್ಕಿಯಿಂದ ಅಂಗೋರಾ ಆಡುಗಳು ಹಡಗಿನಲ್ಲಿ ಕೇಪ್ ವಸಾಹತಿಗೆ ಬಂದಿಳಿದವು. ಮೊಹೇರ್ ಎಂಬ ರೇಷ್ಮೆಯಂಥ ಉಣ್ಣೆಯ ಆಸೆಗೆ ತರಿಸಿದ ಆಡುಗಳು ಅವು. ಅವುಗಳ ಹಿಂದೆಯೇ ಸ್ಥಳೀಯ ಆಡುಗಳು ಸಾಯತೊಡಗಿದವು. ವಸಾಹತಿನ ಪಶುವೈದ್ಯ ಡಂಕನ್ ಹಚಿಯನ್ ಸತ್ತ ಆಡುಗಳ ಎದೆಯ ನೀರನ್ನು ಆರೋಗ್ಯವಂತ ಆಡುಗಳಿಗೆ ಚುಚ್ಚಿ, ರೋಗಿಷ್ಟ ಆಡುಗಳನ್ನು ಕೊಲ್ಲಿಸಿ, ಉಳಿದವನ್ನು ಬೇರ್ಪಡಿಸಿ ರೋಗವನ್ನು ಅಲ್ಲಿಂದ ಓಡಿಸಿದ. ಕಾರಣ ಏನೆಂದು ತಿಳಿಯದೆಯೇ ರೋಗವನ್ನು ಅಳಿಸಿಹಾಕಿದ ಅಪರೂಪದ ಉದಾಹರಣೆ ಅದು. ಕಾರಣ ತಿಳಿಯಲು ಮುಂದೆ ಸುಮಾರು ನೂರು ವರ್ಷ ಬೇಕಾಯಿತು. ಅಷ್ಟು ಕಾಲ ಹಿಡಿದದ್ದು ಏಕೆ ಎಂಬುದೇ ಈ ಬರಹದ ವಿಷಯ. ಅದನ್ನು ಹೇಳಬೇಕಾದರೆ ಮೊದಲು ಇದರ 'ಅಣ್ಣ'ನನ್ನು ಪರಿಚಯಿಸಬೇಕು.

ದನಗಳಿಗೂ ಇಂಥದೇ ಶ್ವಾಸಕೋಶದ ರೋಗವಿದೆ. ಸಿಬಿಪಿಪಿ ಎನ್ನುತ್ತಾರೆ. ಫ್ರಾನ್ಸಿನ ಲಿಯೋನ್‌ನಲ್ಲಿ 1761ರಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ಕಟ್ಟಿದ ಕ್ಲೋಡ್ ಬೂರ್ಜಲಾ 1765ರಲ್ಲೇ ಇದನ್ನು ವರ್ಣಿಸಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಸೈನ್ಯಗಳ, ವ್ಯಾಪಾರಿಗಳ ಜೊತೆ ಅದು ಜಗತ್ತನ್ನೇ ಸುತ್ತಿತು. 1843ರಲ್ಲಿ ಒಂದು ಬ್ರಿಟಿಷ್ ಹಡಗಿನಿಂದ ಕೊಂಡ ಒಂದೇ ಒಂದು ಹಸುವಿನೊಂದಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಇಳಿಯಿತು. ಅದನ್ನು ಹೊರದಬ್ಬಲು ಅಮೆರಿಕ 1884ರಲ್ಲಿ ಪಶು ಉದ್ಯಮದ ಒಂದು ಇಲಾಖೆಯನ್ನೇ ಹುಟ್ಟುಹಾಕಬೇಕಾಯಿತು. 1892ರಲ್ಲಿ ಅಲ್ಲಿ ಅದು ಮುಗಿಯಿತು. ಆಸ್ಟ್ರೇಲಿಯಕ್ಕೆ ಹೊಕ್ಕಿದ್ದು 1858ರಲ್ಲಿ. ಅಲ್ಲಿಂದ ಅದನ್ನು ಪೂರ್ತಿ ಕಳಿಸಲು 1973ರವರೆಗೆ ಕಾಯಬೇಕಾಯಿತು.

ದಕ್ಷಿಣ ಆಫ್ರಿಕಾದ ಕಥೆಯನ್ನು ಮಾತ್ರ ಇಷ್ಟು ಬೇಗ ಮುಗಿಸಲಾಗದು. 1853ರಲ್ಲಿ ಹಾಲೆಂಡಿನಿಂದ ತಂದ ಕೆಲವು ಹೋರಿಗಳು ಮೊಸೆಲ್ ಬೇ ಬಂದರಿನಲ್ಲಿ ಇಳಿದವು. ಅವುಗಳ ಜೊತೆ ರೋಗವೂ ಇಳಿಯಿತು. ಎತ್ತಿನ ಗಾಡಿಗಳ ಜಾಡಿನಲ್ಲೇ ಅದು ಒಳನಾಡಿಗೆ ನಡೆದು ಒಂದೆರಡು ವರ್ಷಗಳಲ್ಲಿ ಲಕ್ಷಕ್ಕೂ ಮಿಕ್ಕಿ ದನಗಳನ್ನು ಕೊಂದು ಖೋಸಾ ಜನರ ಸೀಮೆಗೆ ತಲುಪಿತು. ಖೋಸಾ ಜನರಿಗೆ ದನವೆಂದರೆ ಹಾಲು, ಮದುವೆ, ಮಾನ, ಹಿರಿಯರ ಆಶೀರ್ವಾದ ಎಲ್ಲವೂ. ಬ್ರಿಟಿಷರ ಜೊತೆ ಎಂಟನೆಯ ಯುದ್ಧ ಮುಗಿದು ಭೂಮಿ ಕಳೆದುಕೊಂಡು ಕುಳಿತಿದ್ದ ಜನ ಅವರು. ಹಟ್ಟಿಯಲ್ಲಿ ಉಳಿದಿದ್ದ ದನಗಳೂ ಏದುಸಿರು ಬಿಡುತ್ತಾ ಒಂದೊಂದಾಗಿ ಬೀಳತೊಡಗಿದವು. ಯಾಕೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಬಿಳಿಯರ ವೈದ್ಯರಿಗೂ ಗೊತ್ತಿರಲಿಲ್ಲ.

1856ರ ಏಪ್ರಿಲ್‌ನಲ್ಲಿ ನೊಂಗ್ಕಾವುಸೆ ಎಂಬ ಸುಮಾರು ಹದಿನೈದರ ಹುಡುಗಿ ಹೊಳೆಯ ಬಳಿ ಅಪರಿಚಿತರು ತನಗೆ ಕಾಣಿಸಿಕೊಂಡರು ಎಂದಳು. ಸತ್ತವರು ಎದ್ದು ಬರುತ್ತಾರೆ, ರೋಗವಿಲ್ಲದ ಹೊಸ ದನಗಳು ಬರುತ್ತವೆ. ಆದರೆ ಈಗಿರುವ ದನಗಳು ಕೊಳೆತುಹೋಗಿವೆ, ಎಲ್ಲವನ್ನೂ ಕೊಲ್ಲಬೇಕು, ಕಾಳನ್ನು ಚೆಲ್ಲಬೇಕು, ಬಿತ್ತಬಾರದು. ಸರಿಲಿ ಅರಸ ಅದನ್ನು ನಂಬಿದ. ಎಲ್ಲರೂ ನಂಬಲಿಲ್ಲ, ಊರೂರುಗಳಲ್ಲಿ, ಮನೆಮನೆಗಳಲ್ಲಿ ನಂಬಿದವರು ಮತ್ತು ನಂಬದವರು ಎಂದು ಜನ ಒಡೆದುಹೋದರು. ಈ ಘಟನೆಯನ್ನು ಆಳವಾಗಿ ಅಧ್ಯಯನ ಮಾಡಿದ ಇತಿಹಾಸಕಾರ ಜೆ. ಬಿ. ಪೈರೆಸ್ ಒಂದು ವಿಷಯವನ್ನು ಎತ್ತಿ ತೋರಿಸುತ್ತಾರೆ. ಶ್ವಾಸಕೋಶದ ರೋಗಕ್ಕೆ ದನಗಳನ್ನು ಕಳೆದುಕೊಂಡಿದ್ದ ಸೀಮೆಗಳಲ್ಲೇ ನಂಬಿಕೆ ಗಟ್ಟಿಯಾಗಿ ಬೇರೂರಿತ್ತು. ಹೇಗೂ ಸಾಯುವ ದನವನ್ನು ಕೊಲ್ಲು ಎಂದರೆ ಕೊಲ್ಲುವುದು ಅಷ್ಟು ಕಷ್ಟವಲ್ಲ. 1857ರ ಫೆಬ್ರವರಿ 18ರಂದು ಸೂರ್ಯ ಎಂದಿನಂತೆ ಹುಟ್ಟಿ ಎಂದಿನಂತೆ ಮುಳುಗಿದ. ಅಂದಾಜು ನಾಲ್ಕು ಲಕ್ಷ ದನಗಳು ಹತವಾಗಿದ್ದವು. ಸುಮಾರು 40 ಸಾವಿರ ಜನ ಹಸಿವಿನಿಂದ ಸತ್ತರು. ಉಳಿದವರಲ್ಲಿ ಬಹಳ ಮಂದಿ ಕೂಲಿಗಾಗಿ ವಸಾಹತಿನ ಬಾಗಿಲಿಗೆ ಬಂದು ನಿಂತರು. ಗವರ್ನರ್ ಜಾರ್ಜ್ ಗ್ರೇ ಆ ಅವಕಾಶವನ್ನು ಚೆನ್ನಾಗಿಯೇ ಬಳಸಿಕೊಂಡು ಖೋಸಾ ಭೂಮಿಯಲ್ಲಿ ಬಿಳಿಯರನ್ನು ನೆಲೆಗೊಳಿಸಿದ.

ಆ ಹುಡುಗಿಯನ್ನು ಮೂಢಳೆಂದು ಕರೆದು ಮುಂದೆ ಹೋಗುವವರಿದ್ದಾರೆ. ನನಗೆ ಅದು ಅನ್ಯಾಯವೆನಿಸುತ್ತದೆ. ದನಗಳು ಕೊಳೆತಿವೆ ಎಂಬ ಅವಳ ಮಾತು ಸುಳ್ಳಾಗಿರಲಿಲ್ಲ. ಎದೆ ಸೀಳಿದರೆ ಕೊಳೆತದ್ದು ಕಾಣುತ್ತಿತ್ತು. ಯಾವುದರಿಂದ ಎಂಬ ಪ್ರಶ್ನೆಗೆ ಆ ವರ್ಷ ಲಂಡನ್ನಿನಲ್ಲಾಗಲೀ ಪ್ಯಾರಿಸ್ಸಿನಲ್ಲಾಗಲೀ ಉತ್ತರ ಇರಲಿಲ್ಲ. ಲಂಡನ್ನಿನ ಹಾಲಿನ ಕೊಟ್ಟಿಗೆಗಳಲ್ಲೂ ಆಗ ಹಸುಗಳು ಅದೇ ರೋಗದಿಂದ ಸಾಯುತ್ತಿದ್ದವು.

ಉತ್ತರ ಇಲ್ಲದಿದ್ದರೂ ಉಪಾಯ ಹುಡುಕಿದವರು ಇದ್ದರು. ಬೆಲ್ಜಿಯಂನ ಹಾಸೆಲ್ಟ್ ಪಟ್ಟಣದಲ್ಲಿ ಸಾರಾಯಿ ಭಟ್ಟಿಗಳ ಗಸಿ ತಿನ್ನಿಸಿ ದನ ಕೊಬ್ಬಿಸುವ ರೂಢಿಯಿತ್ತು. ಅಂಥ ಮನೆತನದ ಯುವ ವೈದ್ಯ ಲೂಯಿ ವಿಲೆಮ್ಸ್ ರೋಗಿಷ್ಟ ಶ್ವಾಸಕೋಶದ ರಸವನ್ನು ದನಗಳ ಬಾಲದ ತುದಿಗೆ ಚುಚ್ಚಿ ನೋಡಿದ. ಬಾಲ ಬಾವು ಬಂದು ಕೆಲವೊಮ್ಮೆ ಉದುರಿಯೂ ಹೋಗುತ್ತಿತ್ತು, ಆದರೆ ಬದುಕಿದ ದನಕ್ಕೆ ಮತ್ತೆ ರೋಗ ಬರುತ್ತಿರಲಿಲ್ಲ. 1852ರಲ್ಲಿ ಅವನು ಅದನ್ನು ಪ್ರಕಟಿಸಿದ. ಪಾಸ್ಚರ್ ಕೋಳಿಗಳ ಕಾಲರಾಕ್ಕೆ ಲಸಿಕೆ ಮಾಡುವುದಕ್ಕಿಂತ ಸುಮಾರು ಮೂರು ದಶಕ ಮೊದಲು.

ಪಶ್ಚಿಮ ಆಫ್ರಿಕಾದ ಮೂರ್ ದನಗಾಹಿಗಳು ಇದೇ ಕೆಲಸವನ್ನು ದನದ ಮೂಗಿನ ಮೇಲ್ಭಾಗದಲ್ಲಿ ಮಾಡುತ್ತಿದ್ದರು. ಸತ್ತ ದನದ ಶ್ವಾಸಕೋಶದ ಚೂರನ್ನು ಮೂಗಿನ ಮೂಳೆಯ ಮೇಲಿನ ಚರ್ಮದೊಳಗೆ ಇಟ್ಟು ಮುಚ್ಚುವುದು. ಕೆಲವು ದನಗಳಲ್ಲಿ ಆ ಜಾಗದ ಮೂಳೆ ಕೆರಳಿ ಕೊಂಬಿನಂತೆ ಬೆಳೆಯುತ್ತಿತ್ತು. 1880ರ ಹೊತ್ತಿಗೆ ಡಿ ರೋಷೆಬ್ರೂನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಸೆನೆಗಾಂಬಿಯಾದ ಇಂಥ ದನಗಳನ್ನು ಕುರಿತು 'ಬಾಸ್ ಟ್ರೈಸೆರೋಸ್', ಅಂದರೆ ಮೂರು ಕೊಂಬಿನ ದನ, ಎಂಬ ಹೊಸ ತಳಿಯ ಹೆಸರನ್ನೇ ಕೊಟ್ಟುಬಿಟ್ಟ. ಮೂರನೆಯ ಕೊಂಬು ದನಗಾಹಿಗಳ ಲಸಿಕೆಯ ಗುರುತು ಎಂಬುದು ಆಮೇಲೆ ತಿಳಿಯಿತು. ಲಿಪಿಯಲ್ಲಿ ಬರೆದದ್ದು ಮಾತ್ರ ವಿಜ್ಞಾನ ಎಂದುಕೊಂಡವರಿಗೆ ಈ ಮೂಗಿನ ಕೊಂಬನ್ನು ತೋರಿಸಬೇಕು.

ದನದ ರೋಗದ ಅಣುಜೀವಿ ಕೈಗೆ ಸಿಕ್ಕಿದ್ದು 1898ರಲ್ಲಿ. ಪ್ಯಾರಿಸ್ಸಿನ ಎಡ್ಮಂಡ್ ನೊಕಾರ್, ಎಮಿಲ್ ರೂ ಮತ್ತು ಅವರ ಸಂಗಡಿಗರು ಜಾಣತನದ ಒಂದು ಪ್ರಯೋಗ ಮಾಡಿದರು. ಕೊಲೋಡಿಯನ್ ಎಂಬ ತೆಳು ಪೊರೆಯ ಚೀಲದಲ್ಲಿ ಸಾರು ತುಂಬಿ, ಅದಕ್ಕೆ ರೋಗದ ರಸ ಸೇರಿಸಿ ಮೊಲದ ಹೊಟ್ಟೆಯೊಳಗೆ ಇಟ್ಟರು. ಪೊರೆಯ ಮೂಲಕ ಮೊಲದ ದೇಹದ ಪೋಷಕಾಂಶ ಒಳಗೆ ಬರಬಹುದು, ಮೊಲದ ರಕ್ಷಕ ಕಣಗಳು ಬರಲಾರವು. ಎರಡು ಮೂರು ವಾರಗಳಲ್ಲಿ ಚೀಲದ ಸಾರು ಮಬ್ಬಾಯಿತು. ಸೂಕ್ಷ್ಮದರ್ಶಕದಲ್ಲಿ ಕಂಡೂ ಕಾಣದಂಥ ಚುಕ್ಕೆಗಳು. ಮೈಕೊಪ್ಲಾಸ್ಮಾ ಎಂದು ಇಂದು ಕರೆಯುವ ಗುಂಪಿನಲ್ಲಿ ಮೊದಲು ಸಿಕ್ಕಿದ ಅಣುಜೀವಿ ಅದು. ಬೇರೆ ಬ್ಯಾಕ್ಟೀರಿಯಾಗಳಿಗೆ ಇರುವ ಹೊರಗೋಡೆ ಇವಕ್ಕಿಲ್ಲ. ಗೋಡೆಯಿಲ್ಲದ ಕಾರಣ ಇವಕ್ಕೆ ಸ್ಥಿರವಾದ ಆಕಾರವಿಲ್ಲ, ಗೋಡೆಯನ್ನು ಕೆಡಿಸಿ ಕೊಲ್ಲುವ ಪೆನಿಸಿಲಿನ್ ಇವುಗಳ ಮೇಲೆ ನಡೆಯುವುದಿಲ್ಲ, ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕಗಳಲ್ಲೂ ನುಸುಳುತ್ತವೆ. ಬಹಳ ವರ್ಷ ಇವುಗಳನ್ನು ವೈರಸ್ ಎಂದೇ ಭಾವಿಸಿದವರಿದ್ದರು.

ದನದ ರೋಗಕ್ಕೆ ಕಾರಣ ಸಿಕ್ಕ ಮೇಲೆ ಆಡಿನದೂ ಅದರ ತಮ್ಮನೇ ಇರಬೇಕು ಎಂದು ಊಹಿಸುವುದು ಸಹಜವಾಗಿತ್ತು. ಊಹೆ ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ತಮ್ಮಂದಿರು ಒಬ್ಬರಲ್ಲ, ಹಲವರು ಎಂಬಲ್ಲಿ. ಆಡಿನ ಶ್ವಾಸಕೋಶದಿಂದ ರಸ ತೆಗೆದು ಬೆಳೆಸಿದಾಗ ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭವಾಗಿ, ಬೇಗನೆ ಬೆಳೆಯುವ ಒಂದು ಮೈಕೊಪ್ಲಾಸ್ಮಾ ಸಿಕ್ಕಿತು. 1953ರಲ್ಲಿ ಅದಕ್ಕೆ 'ಕ್ಯಾಪ್ರಿ', ಅಂದರೆ ಆಡಿನದು, ಎಂಬ ಹೆಸರೂ ಬಂತು. ಅದು ಆಡುಗಳಿಗೆ ರೋಗ ತರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ತರುವ ರೋಗ ಶ್ವಾಸಕೋಶದಲ್ಲಿ ನಿಲ್ಲುವುದಿಲ್ಲ. ಕೀಲು, ಕೆಚ್ಚಲು, ಕಣ್ಣು ಎಲ್ಲ ಕಡೆ ಹೋಗುತ್ತದೆ. ಅಲ್ಜೀರಿಯದ ಆಡುಗಾಹಿ ಹೇಳಿದ್ದ ರೋಗ ಎದೆಯನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಹಚಿಯನ್ ಕಂಡ ರೋಗ ಮಂದೆಗೆ ಮಂದೆಯನ್ನೇ ಕಿಡಿಯಂತೆ ಹಿಡಿಯುತ್ತಿತ್ತು. ಪುಸ್ತಕಗಳು ಮಾತ್ರ ಕ್ಯಾಪ್ರಿಯನ್ನೇ ಅಪರಾಧಿ ಎಂದು ಬರೆದುಕೊಂಡವು.

ಇದು ಬರೀ ಹೆಸರಿನ ತಕರಾರಲ್ಲ. ಲಸಿಕೆ ಎನ್ನುವುದು ದೇಹಕ್ಕೆ ತೋರಿಸುವ ಅಪರಾಧಿಯ ಭಾವಚಿತ್ರ. ಭಾವಚಿತ್ರ ಬೇರೆಯವನದಾದರೆ ಅಪರಾಧಿ ಕಣ್ಣೆದುರೇ ನಡೆದುಹೋಗುತ್ತಾನೆ. ರಕ್ತಪರೀಕ್ಷೆಯೂ ಹಾಗೆಯೇ. ಈ ಅಣ್ಣತಮ್ಮಂದಿರ ಮೈಮೇಲಿನ ಗುರುತುಗಳು ಎಷ್ಟು ಹೋಲುತ್ತವೆಂದರೆ ಒಬ್ಬನ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಬ್ಬನಿಗೂ ಅಂಟಿಕೊಳ್ಳುತ್ತದೆ. ಪರೀಕ್ಷೆ ಹೌದು ಎನ್ನುತ್ತದೆ. ಯಾರು ಎಂದು ಹೇಳುವುದಿಲ್ಲ.

1976ರಲ್ಲಿ ಕೆನ್ಯಾದಲ್ಲಿ ಮೆಕೊವನ್ ಮತ್ತು ಮಿನೆಟ್ ಎಂಬಿಬ್ಬರು ಅಲ್ಲಿಯವರೆಗೆ ಯಾರೂ ಬೆಳೆಸಲಾಗದ ಒಂದು ಮೈಕೊಪ್ಲಾಸ್ಮಾವನ್ನು ಬೆಳೆಸಿದರು. ಅದು ನಿಧಾನಿ, ನಾಜೂಕಿನದು, ಹೊಸದಾಗಿ ಮಾಡಿದ ಪೋಷಕ ದ್ರವ ಇಲ್ಲದಿದ್ದರೆ ತಲೆಯೆತ್ತದು. ಅದೇ ಶ್ವಾಸಕೋಶದಲ್ಲಿ ಇರುವ ಬೇರೆ ಮೈಕೊಪ್ಲಾಸ್ಮಾಗಳು ಅದಕ್ಕಿಂತ ಮೊದಲೇ ಬೆಳೆದು ತಟ್ಟೆಯನ್ನು ತುಂಬಿಬಿಡುತ್ತವೆ. ನೂರು ವರ್ಷ ಜನ ನೋಡುತ್ತಿದ್ದದ್ದು ಹೀಗೆ ಮುಂದೆ ನುಗ್ಗಿ ನಿಂತವರನ್ನು. ಅವರಿಟ್ಟ ಹೆಸರು ಒಣದಾಗಿತ್ತು: ಎಫ್38. ಅದನ್ನು ಆರೋಗ್ಯವಂತ ಆಡುಗಳಿಗೆ ಕೊಟ್ಟಾಗ ಬಂದ ರೋಗ ಎದೆಯಲ್ಲೇ ಉಳಿಯಿತು. ಜೊತೆಯಲ್ಲಿ ಕಟ್ಟಿದ ಆಡುಗಳಿಗೂ ತಗುಲಿತು. ಬೂ ಫ್ರೀದಾ ಸಿಕ್ಕಿತ್ತು. ಹನ್ನೊಂದು ವರ್ಷಗಳ ಬಳಿಕ, 1987ರಲ್ಲಿ, ಕೆನ್ಯಾದಲ್ಲೇ ರುರಂಗಿರ್ವಾ ಮತ್ತು ಸಂಗಡಿಗರು ಸತ್ತ ಎಫ್38 ಅಣುಜೀವಿಗಳಿಂದ ವರ್ಷಕ್ಕೂ ಮೀರಿ ರಕ್ಷಣೆ ಕೊಡುವ ಲಸಿಕೆಯನ್ನು ತಯಾರಿಸಿ ತೋರಿಸಿದರು. 1993ರಲ್ಲಿ ಎಫ್38ಕ್ಕೆ ಶಾಸ್ತ್ರೋಕ್ತ ನಾಮಕರಣವೂ ಆಯಿತು: ಮೈಕೊಪ್ಲಾಸ್ಮಾ ಕ್ಯಾಪ್ರಿಕೋಲಂ, ಉಪಜಾತಿ ಕ್ಯಾಪ್ರಿನ್ಯುಮೋನಿಯೆ. ನಾಲಗೆ ಹೊರಳಲು ಬೂ ಫ್ರೀದಾವೇ ವಾಸಿ.

ಆದರೆ ಸಿಕ್ಕಿದ್ದು ಕೆನ್ಯಾದ ಒಂದು ಪ್ರಯೋಗಾಲಯದಲ್ಲಿ. ಇಥಿಯೋಪಿಯಾದಲ್ಲೋ ಒಮಾನ್‌ನಲ್ಲೋ ಒಂದು ಆಡು ಕೆಮ್ಮಿ ಸತ್ತರೆ ಅದು ಎಫ್38ನಿಂದ ಎಂದು ತಿಳಿಯುವುದು ಹೇಗೆ? ಬೆಳೆಸಿ ನೋಡಲು ವಾರಗಳು ಬೇಕು. ಹೆಚ್ಚಿನ ಕಡೆ ಅದು ಬೆಳೆಯುವುದೇ ಇಲ್ಲ. ಬಿಸಿಲಿನಲ್ಲಿ ಎರಡು ದಿನ ಜೀಪಿನಲ್ಲಿ ಕುಲುಕಿ ಬಂದ ಮಾದರಿಯಲ್ಲಿ ಅಣುಜೀವಿ ಸತ್ತೇ ಹೋಗಿರುತ್ತದೆ. ಸತ್ತದ್ದನ್ನು ಬೆಳೆಸಲಾಗದು, ಆದರೆ ಓದಬಹುದು. ಇಲ್ಲಿಂದ ಅಣುಮಟ್ಟದ ವಿಧಾನಗಳ ಕಥೆ ಶುರುವಾಗುತ್ತದೆ.

ಅದಕ್ಕೆ ಎರಡು ಬೇರುಗಳು. ಮೊದಲನೆಯದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೂಸ್ ಅವರದು. ಪ್ರತಿ ಜೀವಕೋಶದಲ್ಲೂ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಯಂತ್ರವಿದೆ. ಅದಿಲ್ಲದೆ ಬದುಕಿಲ್ಲ, ಹಾಗಾಗಿ ಅದರ ಜೀನ್ ಬಹಳ ನಿಧಾನವಾಗಿ ಬದಲಾಗುತ್ತದೆ. ಎರಡು ಜೀವಿಗಳ ಆ ಜೀನನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಅವು ಎಷ್ಟು ಹತ್ತಿರದ ನೆಂಟರು ಎಂದು ಹೇಳಬಹುದು. 1977ರಲ್ಲಿ ಈ ದಾರಿಯಿಂದ ವೂಸ್ ಜೀವಜಗತ್ತಿನಲ್ಲಿ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಶಾಖೆಯನ್ನೇ ತೋರಿಸಿದರು. 1980ರಲ್ಲಿ ಮೈಕೊಪ್ಲಾಸ್ಮಾಗಳ ವಂಶವನ್ನೂ ಬಿಡಿಸಿದರು. ಇವು ಆದಿಮ ಜೀವಿಗಳಲ್ಲ. ಒಂದು ಕಾಲದಲ್ಲಿ ಗೋಡೆ ಇದ್ದ ಬ್ಯಾಕ್ಟೀರಿಯಾಗಳೇ, ಪರಾವಲಂಬಿ ಬದುಕಿನಲ್ಲಿ ಒಂದೊಂದೇ ಆಸ್ತಿ ಕಳೆದುಕೊಂಡು ಹೀಗಾಗಿವೆ. ಎರಡನೆಯ ಬೇರು ಪಿಸಿಆರ್. 1983ರಲ್ಲಿ ಕ್ಯಾರಿ ಮುಲಿಸ್ ಯೋಚಿಸಿದ್ದು. ಡಿಎನ್‌ಎಯ ಎರಡು ಎಳೆಗಳನ್ನು ಬಿಸಿಮಾಡಿ ಬಿಡಿಸಿ, ಬೇಕಾದ ತುಣುಕಿನ ಎರಡೂ ತುದಿಗೆ ಗುರುತು ಹಚ್ಚಿ, ಕಿಣ್ವದಿಂದ ನಕಲು ಮಾಡಿಸುವುದು. ಒಂದು ಎರಡಾಗುತ್ತದೆ, ಎರಡು ನಾಲ್ಕು. ಲೆಕ್ಕದ ಪ್ರಕಾರ ಮೂವತ್ತು ಸುತ್ತಿನಲ್ಲಿ ನೂರು ಕೋಟಿ ದಾಟುತ್ತದೆ. ಪ್ರತಿ ಸುತ್ತಿನ ಬಿಸಿಗೆ ಕೆಡದ ಕಿಣ್ವ ಬಂದದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಿಂದ ಥಾಮಸ್ ಬ್ರಾಕ್ 1960ರ ದಶಕದಲ್ಲಿ ಹೆಕ್ಕಿದ ಒಂದು ಬ್ಯಾಕ್ಟೀರಿಯಾದಿಂದ. ಕೋವಿಡ್ ಬಂದ ಮೇಲೆ ಪಿಸಿಆರ್ ನಮ್ಮ ಹಳ್ಳಿಗಳಲ್ಲೂ ಮನೆಮಾತಾಯಿತು.

ಈ ಎರಡನ್ನೂ ಸೇರಿಸಿ 1994ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಎಫ್38ನ ಗುರುತು ಹಿಡಿಯುವ ವಿಧಾನವನ್ನು ಕಂಡುಕೊಂಡರು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರ ಚಂದ ಇರುವುದು ವಿವರದಲ್ಲಿ. ಈ ಕುಟುಂಬದ ಎಲ್ಲ ಮೈಕೊಪ್ಲಾಸ್ಮಾಗಳಲ್ಲೂ ರೈಬೋಸೋಮಿನ ಆ ಜೀನ್ ಒಂದಲ್ಲ, ಎರಡು ಪ್ರತಿಗಳಲ್ಲಿದೆ. ಪಿಸಿಆರ್‌ನಿಂದ ಅದರ 548 ಅಕ್ಷರಗಳ ಒಂದು ತುಣುಕನ್ನು ನಕಲು ಮಾಡುತ್ತಾರೆ. ಆಮೇಲೆ ಒಂದು ನಿರ್ದಿಷ್ಟ ಅಕ್ಷರಸಾಲು ಕಂಡಲ್ಲಿ ಮಾತ್ರ ಕತ್ತರಿಸುವ ಕಿಣ್ವವನ್ನು ಅದಕ್ಕೆ ಹಾಕುತ್ತಾರೆ. ಕುಟುಂಬದ ಉಳಿದವರಲ್ಲಿ ಎರಡೂ ಪ್ರತಿಗಳಲ್ಲಿ ಆ ಸಾಲು ಇದೆ. ಹಾಗಾಗಿ ತುಣುಕೆಲ್ಲ 420 ಮತ್ತು 128 ಅಕ್ಷರಗಳ ಎರಡು ಭಾಗವಾಗುತ್ತದೆ. ಜೆಲ್ ಮೇಲೆ ಹರಿಸಿದರೆ ಎರಡು ಪಟ್ಟಿಗಳು ಕಾಣುತ್ತವೆ. ಎಫ್38ನಲ್ಲಿ ಮಾತ್ರ ಯಾವ ಕಾಲದಲ್ಲೋ ಎರಡು ಪ್ರತಿಗಳಲ್ಲಿ ಒಂದರಲ್ಲಿ ಆ ಸಾಲು ಕೆಟ್ಟುಹೋಗಿದೆ. ಕತ್ತರಿಗೆ ಗುರುತು ಸಿಗದೆ ಆ ಪ್ರತಿಯ ತುಣುಕು ಇಡಿಯಾಗಿ ಉಳಿಯುತ್ತದೆ. ಇನ್ನೊಂದು ಪ್ರತಿ ಕತ್ತರಿಸಿ ಹೋಗುತ್ತದೆ. ಜೆಲ್ ಮೇಲೆ ಮೂರು ಪಟ್ಟಿಗಳು: 548, 420, 128. ಎರಡು ಶ್ವಾಸಕೋಶಗಳಲ್ಲಿ ಒಂದು ಕೆಟ್ಟು ಒಂದು ನೆಟ್ಟಗಿರುವ ರೋಗವನ್ನು ಹಿಡಿದುಕೊಟ್ಟದ್ದು ಎರಡು ಜೀನ್ ಪ್ರತಿಗಳಲ್ಲಿ ಒಂದು ಕೆಟ್ಟು ಒಂದು ನೆಟ್ಟಗಿರುವ ಗುರುತು. ಇದು ಕಾಕತಾಳೀಯ, ಬೇರೇನೂ ಅಲ್ಲ. ಆದರೆ ಕಥೆ ಬರೆಯುವವರಿಗೆ ಇಂಥದ್ದನ್ನು ಹೇಳದೆ ದಾಟಲು ಆಗುವುದಿಲ್ಲ.

ಮುಂದೆ ಕತ್ತರಿಯೂ ಬೇಡದ, ಎಫ್38 ಇದ್ದರೆ ಮಾತ್ರ ಫಲ ಕೊಡುವ ನೇರ ಪಿಸಿಆರ್‌ಗಳು ಬಂದವು. ಕೆಲಸ ವಾರಗಳಿಂದ ಗಂಟೆಗಳಿಗೆ ಇಳಿಯಿತು. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿತ್ತು. ಎದೆಯ ನೀರಿನಲ್ಲಿ ಸೋಸುಕಾಗದದ ತುಂಡನ್ನು ಅದ್ದಿ, ಒಣಗಿಸಿ ಕಳಿಸಿದರೂ ಸಾಕು. ಮಂಜುಗಡ್ಡೆಯ ಪೆಟ್ಟಿಗೆ ಬೇಕಿಲ್ಲ.

ಹೊಸ ಕನ್ನಡಕ ಹಾಕಿಕೊಂಡವನಿಗೆ ಆಗುವಂತೆ, ಇದ್ದಕ್ಕಿದ್ದಂತೆ ರೋಗ ಎಲ್ಲೆಡೆ ಕಾಣತೊಡಗಿತು. 2000ದ ದಶಕದ ಮೊದಲರ್ಧದಲ್ಲಿ ಟರ್ಕಿಯ ಥ್ರೇಸ್‌ನಲ್ಲಿ, ಅಂದರೆ ಯುರೋಪಿನ ಹೊಸ್ತಿಲಲ್ಲಿ. ಆಮೇಲೆ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ. ತಜಿಕಿಸ್ತಾನದಲ್ಲಿ, ಚೀನಾದಲ್ಲಿ. ಎಲ್ಲರಿಗಿಂತ ಬೆರಗಾದವರು ವನ್ಯಜೀವಿ ತಜ್ಞರು. ಇದು ಸಾಕಿದ ಆಡುಗಳ ರೋಗ ಎಂದೇ ಎಲ್ಲರೂ ತಿಳಿದಿದ್ದರು. ಕತಾರಿನ ಅಲ್ ವಬ್ರಾ ಸಂರಕ್ಷಣಾ ಕೇಂದ್ರದಲ್ಲಿ ಕಾಡಾಡು, ನೂಬಿಯನ್ ಐಬೆಕ್ಸ್, ಕಾಡುಕುರಿ, ಜೆರೆನುಕ್ ಎಂಬ ಜಿಂಕೆ ಸತ್ತಾಗ ಕಾರಣ ಎಫ್38 ಎಂದು 2007ರಲ್ಲಿ ವರದಿಯಾಯಿತು. 2010ರಲ್ಲಿ ತಜಿಕಿಸ್ತಾನದ ಬೆಟ್ಟಗಳಲ್ಲಿ ಸುರುಳಿ ಕೊಂಬಿನ ಮಾರ್ಖೋರ್‌ಗಳು ಸತ್ತು ಬಿದ್ದವು. ಸಿಕ್ಕ ಕಳೇಬರಗಳೇ ಅರುವತ್ತಕ್ಕೂ ಹೆಚ್ಚು. 2012ರಲ್ಲಿ ಟಿಬೆಟಿನ ಎತ್ತರದ ಬಯಲಿನಲ್ಲಿ ಸುಮಾರು 2,400 ಚಿರು ಜಿಂಕೆಗಳು. ಶಹತೂಷ್ ಶಾಲಿಗಾಗಿ ಬೇಟೆಗಾರರು ಮುಗಿಸುತ್ತಾ ಬಂದಿದ್ದ ಪ್ರಾಣಿ ಅದು. ಹಿಂದೆ ಇಂಥ ಸಾವುಗಳಿಗೆ ಚಳಿ, ಹಸಿವು, ವಿಷ ಎಂದು ಬರೆದು ಕಡತ ಮುಚ್ಚುತ್ತಿದ್ದರೇನೋ.

ಇಡೀ ಜೀನೋಮನ್ನೇ ಓದುವ ಯಂತ್ರಗಳು ಬಂದ ಮೇಲೆ ಇತಿಹಾಸವೂ ತೆರೆದುಕೊಂಡಿತು. ಬೇರೆ ಬೇರೆ ದೇಶಗಳ ಅಣುಜೀವಿಗಳ ನಡುವಿನ ಅಕ್ಷರಭೇದಗಳನ್ನು ಎಣಿಸಿ, ಬದಲಾವಣೆಯ ವೇಗದಿಂದ ಭಾಗಿಸಿ ಅವುಗಳ ಕೊನೆಯ ಸಮಾನ ಪೂರ್ವಜ ಯಾವಾಗ ಇತ್ತು ಎಂದು ಲೆಕ್ಕ ಹಾಕುತ್ತಾರೆ. ಇಡೀ ಕುಟುಂಬದ ಮೂಲ ಸುಮಾರು ಹತ್ತು ಸಾವಿರ ವರ್ಷಗಳ ಹಿಂದಕ್ಕೆ, ಮನುಷ್ಯ ಆಡು ಕುರಿಗಳನ್ನು ಪಳಗಿಸಿದ ಕಾಲಕ್ಕೆ ಹೋಗುತ್ತದೆ. ಇಂದು ಸಿಗುವ ದನದ ರೋಗಾಣುಗಳ ಪೂರ್ವಜ 1700ರ ಆಸುಪಾಸಿನದು. ಆಡಿನ ರೋಗಾಣುವಿನದು 2015ರ ಒಂದು ಅಧ್ಯಯನದ ಪ್ರಕಾರ ಸುಮಾರು 270 ವರ್ಷ ಹಿಂದಿನದು. ಅದಕ್ಕೂ ಮೊದಲು ಈ ರೋಗಗಳು ಇರಲೇ ಇಲ್ಲ ಎಂದು ಇದರಿಂದ ಹೇಳಲಾಗದು. ಅಳಿದುಹೋದ ಶಾಖೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಬೂರ್ಜಲಾ ದನದ ರೋಗವನ್ನು ವರ್ಣಿಸಿದ್ದು 1765ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾಗದದ ದಾಖಲೆಯೂ ಅಣುವಿನ ದಾಖಲೆಯೂ ಪರಸ್ಪರ ದೂರವಿಲ್ಲ.

ನಡುವೆ ಒಂದು ಮಾತು. 2010ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಪ್ರಯೋಗಾಲಯದಲ್ಲೇ ಪೂರ್ತಿ ಜೋಡಿಸಿದ ಜೀನೋಮಿನಿಂದ ನಡೆಯುವ ಮೊದಲ ಜೀವಕೋಶವನ್ನು ಮಾಡಿತು. ಪತ್ರಿಕೆಗಳು 'ಕೃತಕ ಜೀವ' ಎಂದು ದೊಡ್ಡ ತಲೆಬರಹ ಹಾಕಿದವು. ಅವರು ನಕಲು ಮಾಡಿದ ಜೀನೋಮ್ ಇದೇ ಕ್ಯಾಪ್ರಿಯದು. ಅದನ್ನು ಇಟ್ಟದ್ದು ಕ್ಯಾಪ್ರಿಕೋಲಂನ ಕೋಶದೊಳಗೆ. ಎರಡೂ ಆಡಿನ ರೋಗಾಣುಗಳು.

ಪಿಸಿಆರ್ ಎಲ್ಲವನ್ನೂ ಹೇಳುತ್ತದೆ ಎಂದು ಯಾರೂ ಭ್ರಮಿಸಬೇಕಿಲ್ಲ. ಅದು ಡಿಎನ್‌ಎ ಇದೆ ಎನ್ನುತ್ತದೆ. ಅಣುಜೀವಿ ಬದುಕಿದೆಯೇ, ಈ ಸಾವಿಗೆ ಅದೇ ಕಾರಣವೇ ಎಂದು ಹೇಳುವುದಿಲ್ಲ. ನಮ್ಮ ರೈತರು ಗಳಲೆ ರೋಗ ಎನ್ನುವ, ಮಳೆಗಾಲದ ಹೊತ್ತಿಗೆ ದನ ಎಮ್ಮೆಗಳ ಗಂಟಲು ಬಾತು ಉಸಿರು ಕಟ್ಟುವ ರೋಗವನ್ನು ನೋಡಿ. ಅದಕ್ಕೆ ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣ. ಅದನ್ನೂ, ಅದರ ಮಾರಕ ಬಗೆಯನ್ನೂ ಗುರುತಿಸುವ ಪಿಸಿಆರ್ ಅನ್ನು 1998ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದರು. ಆದರೆ ಪಾಸ್ಚುರೆಲ್ಲಾ ಆರೋಗ್ಯವಂತ ದನದ ಮೂಗು ಗಂಟಲಲ್ಲೂ ಇರುತ್ತದೆ. ಮೂಗಿನಲ್ಲಿ ಸಿಕ್ಕಿದ ಮಾತ್ರಕ್ಕೆ ರೋಗವೆಂದು ತೀರ್ಮಾನಿಸಿದರೆ ಊರ ದನಗಳಿಗೆಲ್ಲ ರೋಗವಿದೆ ಎನ್ನಬೇಕಾದೀತು. ಮಾದರಿಯನ್ನು ಎಲ್ಲಿಂದ ತೆಗೆದರು, ಯಾರು ತೆಗೆದರು, ಆಗ ಆ ಪ್ರಾಣಿ ಹೇಗಿತ್ತು ಎಂದು ನೋಡಿದ ಕಣ್ಣೊಂದು ಬೇಕು.

ಆ ಕಣ್ಣು ಹೆಚ್ಚಾಗಿ ಇರುವುದು ಕಸಾಯಿಖಾನೆಯಲ್ಲಿ. ಕಸಾಯಿಗಳ ಬಗ್ಗೆ ನಮ್ಮ ಸಮಾಜದಲ್ಲಿ, ಮುಸ್ಲಿಮರ ಒಳಗೂ ಸೇರಿ, ಒಳ್ಳೆಯ ಮಾತು ಆಡುವವರು ಕಡಿಮೆ. ನಮ್ಮ ಮನೆಗೆ ಬಕ್ರೀದಿನಲ್ಲಿ ಬರುತ್ತಿದ್ದ ಚಾಚಾ ಆಡಿನ ಎದೆ ಬಿಡಿಸಿದೊಡನೆ ಮೊದಲು 'ಫೇಫಡಾ'ವನ್ನು ಎರಡೂ ಅಂಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ಒತ್ತಿ ನೋಡುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ಗಟ್ಟಿಯಾದ ಜಾಗ ಸಿಕ್ಕರೆ 'ಇದು ಕೆಮ್ಮಿದ ಆಡು' ಎಂದು ಬದಿಗಿಡುತ್ತಿದ್ದರು. ದನದ ಶ್ವಾಸಕೋಶದ ರೋಗ ಒಂದು ದೇಶದಲ್ಲಿ ಇಲ್ಲವೆಂದು ಸಾಬೀತು ಮಾಡುವ ಮುಖ್ಯ ಸಾಧನ ಇಂದಿಗೂ ಇದೇ: ಕಸಾಯಿಖಾನೆಗಳಲ್ಲಿ ಸಾವಿರಾರು ಶ್ವಾಸಕೋಶಗಳನ್ನು ಕೈಯಲ್ಲಿ ಹಿಡಿದು ನೋಡುವುದು, ಅನುಮಾನ ಬಂದದ್ದನ್ನು ಪ್ರಯೋಗಾಲಯಕ್ಕೆ ಕಳಿಸುವುದು. ಭಾರತದಲ್ಲಿ ಆ ರೋಗ ಕೊನೆಗೆ ಉಳಿದಿದ್ದದ್ದು ಅಸ್ಸಾಂನಲ್ಲಿ. 1990ರ ನಂತರ ಕಾಣಿಸಲಿಲ್ಲ. ವರ್ಷಗಟ್ಟಲೆ ಹುಡುಕಿ, ಇಲ್ಲ ಎಂದು ತೋರಿಸಿದ ಮೇಲೆ 2007ರಲ್ಲಿ ವಿಶ್ವ ಪಶು ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತ ಎಂದು ಘೋಷಿಸಿತು.

ಆಡಿನ ರೋಗ ಹಾಗೆ ಮುಗಿದಿಲ್ಲ. ಪೂರ್ವ ಆಫ್ರಿಕಾದಲ್ಲಿ, ಅರಬ್ ನಾಡುಗಳಲ್ಲಿ, ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ಅದು ಇದೆ. ಹಜ್‌ನ ತಿಂಗಳು ಹತ್ತಿರವಾದಂತೆ ಆಫ್ರಿಕಾದ ಕೊಂಬಿನ ಬಂದರುಗಳಿಂದ ಕೆಂಪು ಸಮುದ್ರದ ಆಚೆಗೆ ಲಕ್ಷಗಟ್ಟಲೆ ಆಡು ಕುರಿಗಳು ಹಡಗು ಹತ್ತುತ್ತವೆ. ಹಡಗಿನ ಅಟ್ಟದಲ್ಲಿ ಒತ್ತೊತ್ತಾಗಿ ನಿಂತ ಆಡುಗಳಲ್ಲಿ ಒಂದು ಕೆಮ್ಮಿದರೆ ಸಾಕು. ಬಂದರಿನ ಪಶುವೈದ್ಯನಿಗೆ ಇರುವ ಸಮಯ ಕಡಿಮೆ. ಹಡಗಿನಲ್ಲಿ ಸತ್ತ ಆಡಿನ ಎದೆಯನ್ನು ಸೀಳಿ, ಒಂದೇ ಬದಿ ಗಟ್ಟಿಯಾಗಿದೆಯೇ ಎಂದು ಅವನು ನೋಡುತ್ತಾನೆ. ಆಮೇಲೆ ಹುಲ್ಲಿನ ಬಣ್ಣದ ಆ ನೀರಿನಲ್ಲಿ ಕಾಗದದ ತುಂಡನ್ನು ಅದ್ದಿ, ನೆರಳಿನಲ್ಲಿ ಒಣಗಿಸಿ, ಲಕೋಟೆಗೆ ಹಾಕುತ್ತಾನೆ.